ಕೊಂಗ್ ಮನೆತನದ ಕಾಡಿನಲ್ಲಿ

ಚೀನಾದ ಶಾನ್‌ಡೊಂಗ್ ಪ್ರಾಂತ್ಯದ ಚೂಫು ಊರಿಗೆ ಹೋದವರು ಮೂರು ಜಾಗ ನೋಡುತ್ತಾರೆ: ಕನ್ಫ್ಯೂಷಿಯಸ್‌ನ ದೇವಾಲಯ, ಅವನ ವಂಶದವರು ಬಾಳಿದ ಅರಮನೆಯಂಥ ಮನೆ, ಊರಾಚೆ ಉತ್ತರಕ್ಕಿರುವ ಆ ಮನೆತನದ ಸ್ಮಶಾನ. ಮೂರಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗುತ್ತದೆ. ಹೆಚ್ಚಿನವರು ಬೆಳಗಿನ ಹುರುಪನ್ನೆಲ್ಲ ದೇವಾಲಯದಲ್ಲೇ ಮುಗಿಸಿ, ಊಟದ ಹೊತ್ತಿಗೆ ಮನೆ ನೋಡಿ, ಕಾಲು ಸೋತ ಮೇಲೆ ಸ್ಮಶಾನಕ್ಕೆ ಬರುತ್ತಾರೆ. ಬ್ಯಾಟರಿ ಗಾಡಿ ಹತ್ತಿ, ದೊಡ್ಡ ಸಮಾಧಿಯ ಹತ್ತಿರ ಇಳಿದು, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನ್ನನ್ನು ಕೇಳಿದರೆ ಸ್ಮಶಾನಕ್ಕೇ ಮೊದಲು ಹೋಗಬೇಕು, ಬಾಗಿಲು ತೆರೆಯುವ ಹೊತ್ತಿಗೆ, ಕಾಲಲ್ಲಿ ಬಲವಿರುವಾಗ. ಒಂದು ಮನೆತನ ಹತ್ತಿರ ಹತ್ತಿರ ಎರಡೂವರೆ ಸಾವಿರ ವರ್ಷ ತನ್ನವರ ಲೆಕ್ಕವನ್ನು ಹೇಗೆ ಇಟ್ಟುಕೊಂಡಿದೆ, ಯಾರನ್ನು ಎಲ್ಲಿ ಮಲಗಿಸಿದೆ, ಯಾರನ್ನು ಹೊರಗೆ ಬಿಟ್ಟಿದೆ ಎನ್ನುವುದು ಆ ನೆಲದ ಮೇಲೆ ನಡೆದರೆ ಮಾತ್ರ ತಿಳಿಯುತ್ತದೆ.

ನಾನು ಹೋದದ್ದು ಕೋವಿಡ್‌ಗೆ ಮುಂಚೆ, ಒಂದು ಏಪ್ರಿಲ್‌ನಲ್ಲಿ. ಅಕ್ಕನ ಮಗ ಜಿನಾನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದ. "ಅಷ್ಟು ದೂರ ಬಂದು ಚೂಫು ನೋಡದೆ ಹೋಗ್ತೀಯಾ ಚಿಕ್ಕಮ್ಮ? ಬುಲೆಟ್ ರೈಲಲ್ಲಿ ಅರ್ಧ ಗಂಟೆ ಅಷ್ಟೇ" ಎಂದು ಹೊರಡಿಸಿದ. ವಾರ್ಡುಗಳಲ್ಲಿ ರೋಗಿಗಳ ಜೊತೆ ಮಾತಾಡಿ ಮಾತಾಡಿ ಅವನಿಗೆ ಚೀನೀ ಭಾಷೆ ಚೆನ್ನಾಗಿ ಒಗ್ಗಿತ್ತು. ಅವನಿಲ್ಲದಿದ್ದರೆ ನನಗೆ ಅಲ್ಲಿನ ಕಲ್ಲುಗಳು ಬರೀ ಕಲ್ಲುಗಳಾಗಿಯೇ ಉಳಿಯುತ್ತಿದ್ದವು.

ಜಾಗದ ಹೆಸರು ಕೊಂಗ್‌ಲಿನ್, ಅಂದರೆ ಕೊಂಗರ ಕಾಡು. ಕೊಂಗ್ ಎಂಬುದು ಕನ್ಫ್ಯೂಷಿಯಸ್‌ನ ಮನೆತನದ ಹೆಸರು. ಕ್ರಿ.ಪೂ. 479ರಲ್ಲಿ ಅವನು ತೀರಿಕೊಂಡಾಗ ಲು ರಾಜ್ಯದ ರಾಜಧಾನಿಯ ಉತ್ತರಕ್ಕೆ, ಸಿ ನದಿಯ ಕಡೆಗೆ ಮಣ್ಣು ಮಾಡಿದರು. ಆಮೇಲೆ ಮಗ, ಮೊಮ್ಮಗ, ಅವರ ಮಕ್ಕಳು ಎಂದು ತಲೆಮಾರಿನ ಮೇಲೆ ತಲೆಮಾರು ಅದೇ ನೆಲಕ್ಕೆ ಬಂದಿತು. ಇಂದು ಅದರ ಸುತ್ತ ಏಳು ಕಿಲೋಮೀಟರಿಗೂ ಉದ್ದದ ಗೋಡೆಯಿದೆ. ಒಳಗೆ ಸುಮಾರು 200 ಹೆಕ್ಟೇರ್ ನೆಲ, ಒಂದು ಲಕ್ಷಕ್ಕೂ ಹೆಚ್ಚು ಜನರ ಸಮಾಧಿ. 1994ರಲ್ಲಿ ಯುನೆಸ್ಕೊ ದೇವಾಲಯ, ಮನೆ, ಸ್ಮಶಾನ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಮಶಾನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಬಟಾಬಯಲು ಅಲ್ಲಿಲ್ಲ. ನೆತ್ತಿ ಕಾಣದ ಸೈಪ್ರೆಸ್ ಮರಗಳು, ಕೆಲವು ತಿರುಚಿಕೊಂಡು ಹಗ್ಗದಂತಾಗಿವೆ. ಗುರುವಿನ ಶಿಷ್ಯರು ತಮ್ಮ ತಮ್ಮ ಸೀಮೆಯಿಂದ ಸಸಿ ತಂದು ನೆಟ್ಟರೆಂದು ಪ್ರತೀತಿ. ಏಪ್ರಿಲ್‌ನಲ್ಲಿ ಮರಗಳ ಬುಡಕ್ಕೆಲ್ಲ ನೇರಳೆ ಬಣ್ಣದ ಕಾಡುಹೂವು ಹರಡಿಕೊಂಡಿರುತ್ತದೆ, ಸಮಾಧಿಯ ದಿಬ್ಬಗಳ ಮೇಲೂ.

ಮೊದಲು ದೊಡ್ಡ ಸಮಾಧಿಯನ್ನೇ ನೋಡಿದೆವು. ಒಂದು ಸಣ್ಣ ಕಲ್ಲಿನ ಸೇತುವೆ ದಾಟಿದ ಮೇಲೆ ದಾರಿಯ ಎರಡೂ ಕಡೆ ಶಿಲೆಯ ಕಂಬ, ಚಿರತೆ, ಕಲ್ಪನೆಯ ಪ್ರಾಣಿ, ಕೊನೆಯಲ್ಲಿ ಇಬ್ಬರು ಕಾವಲುಗಾರರು. ಪೂಜೆಯ ಮಂಟಪದ ಹಿಂದೆ ಒಂದರ ಪಕ್ಕ ಒಂದು ಮೂರು ಸಣ್ಣ ಚಾವಡಿಗಳಿವೆ. ಸೊಂಗ್ ಕಾಲದ ಝೆನ್‌ಜೊಂಗ್, ಚಿಂಗ್ ಕಾಲದ ಕಾಂಗ್‌ಶಿ ಮತ್ತು ಚಿಯೆನ್‌ಲೊಂಗ್, ಈ ಮೂವರು ಚಕ್ರವರ್ತಿಗಳು ಇಲ್ಲಿಗೆ ಬಂದು ನಿಂತ ನೆನಪಿಗೆ ಅವು. ಚಕ್ರವರ್ತಿಗಳ ಸಡಗರವನ್ನು ದಾಟಿ ಹೋದರೆ ಎದುರಾಗುವುದು ಹುಲ್ಲು ಬೆಳೆದ ಮೂರು ಮಣ್ಣಿನ ದಿಬ್ಬ. ಗೋಪುರವಿಲ್ಲ, ಗುಮ್ಮಟವಿಲ್ಲ. ನಡುವಿನ ದೊಡ್ಡದು ಕನ್ಫ್ಯೂಷಿಯಸ್‌ನದು. ಪೂರ್ವದಲ್ಲಿ ಮಗ ಕೊಂಗ್ ಲಿ, ಮುಂದೆ ದಕ್ಷಿಣಕ್ಕೆ ಮೊಮ್ಮಗ ಕೊಂಗ್ ಜಿ. ಮಗನ ಕೈ ಹಿಡಿದು, ಮೊಮ್ಮಗನನ್ನು ಎತ್ತಿಕೊಂಡ ಹಾಗೆ ಈ ಜೋಡಣೆ ಎನ್ನುತ್ತಾರೆ ಅಲ್ಲಿನವರು. ಕೊಂಗ್ ಲಿ ತಂದೆಗಿಂತ ಮೊದಲೇ ತೀರಿಕೊಂಡವನು. ಪ್ರಪಂಚಕ್ಕೆ ಗುರುವಾದವನು ಮೊದಲು ಮಗನನ್ನು ಮಣ್ಣಿಗಿಟ್ಟ ತಂದೆ ಎಂದು ಗೊತ್ತಾದ ಮೇಲೆ ನನಗೆ ಆ ದಿಬ್ಬ ಬೇರೆಯಾಗಿಯೇ ಕಾಣಿಸಿತು.

ಪಕ್ಕದಲ್ಲಿ ಒಂದು ಚಿಕ್ಕ ಮನೆಯಿದೆ. ಶಿಷ್ಯರೆಲ್ಲ ಸಮಾಧಿಯ ಬಳಿ ಮೂರು ವರ್ಷ ಸೂತಕ ಹಿಡಿದು ಊರಿಗೆ ಹೊರಟರು. ಜಿಗೊಂಗ್ ಎಂಬ ಶಿಷ್ಯ ಮಾತ್ರ ಗುಡಿಸಲು ಹಾಕಿಕೊಂಡು ಇನ್ನೂ ಮೂರು ವರ್ಷ ಉಳಿದ. ಹಾಗೆಂದು ಕ್ರಿಸ್ತಪೂರ್ವದ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಗುಡಿಸಲಿದ್ದ ಜಾಗದಲ್ಲಿ ಈಗಿರುವುದು ಬಹಳ ಕಾಲದ ನಂತರ ಕಟ್ಟಿದ ಮನೆ. ಜಿಗೊಂಗ್ ನೆಟ್ಟನೆಂಬ ಮರಕ್ಕೆ 17ನೇ ಶತಮಾನದಲ್ಲಿ ಸಿಡಿಲು ಬಡಿಯಿತು. ಉಳಿದ ಬೊಡ್ಡೆಯನ್ನು ಜೋಪಾನ ಮಾಡಿ, ಮರ ಹೇಗಿತ್ತೆಂದು ಒಂದು ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ಸತ್ತ ಮರಕ್ಕೂ ಚಿತ್ರಪಟ ಮಾಡಿಸಿಡುವ ಜನ!

ಆ ಮುಖ್ಯ ಸಮಾಧಿಯ ಮುಂದಿನ ನಿಲುಗಲ್ಲಿನ ಹತ್ತಿರ ದಯವಿಟ್ಟು ಸಾವಕಾಶವಾಗಿ ನಿಲ್ಲಿ. ಮಿಂಗ್ ಕಾಲದ ಕಲ್ಲು, 1443ರಲ್ಲಿ ನಿಲ್ಲಿಸಿದ್ದು. ದೂರದಿಂದ ಅಖಂಡವಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಅಕ್ಷರಗಳನ್ನು ಸೀಳಿಕೊಂಡು ಅಡ್ಡಾದಿಡ್ಡಿ ಓಡುವ ಬಿರುಕು ಕಾಣುತ್ತವೆ, ಬಿರುಕಿನ ತುಂಬ ಸಿಮೆಂಟು. 1966ರ ನವೆಂಬರ್‌ನಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಬೀಜಿಂಗ್‌ನಿಂದ ಬಂದ ರೆಡ್ ಗಾರ್ಡ್ ವಿದ್ಯಾರ್ಥಿಗಳು ಈ ಕಲ್ಲನ್ನು ಕೆಡವಿ ಒಡೆದರು. ಸಮಾಧಿಗಳನ್ನು ಅಗೆಯಲಾಯಿತು. ವಂಶದ 76ನೇ ತಲೆಮಾರಿನ ಯಜಮಾನ ಕೊಂಗ್ ಲಿಂಗ್ಯಿ ತೀರಿಕೊಂಡು ಆಗ ಇನ್ನೂ ಐವತ್ತು ವರ್ಷವೂ ಆಗಿರಲಿಲ್ಲ. ಅವನ ದೇಹವನ್ನೂ ಹೊರಗೆಳೆದರು. ಆಮೇಲೆ ಚೂರುಗಳನ್ನು ಹುಡುಕಿ ತಂದು ಜೋಡಿಸಿ ಕಲ್ಲನ್ನು ಮತ್ತೆ ನಿಲ್ಲಿಸಿದರು. ಹೊಸ ಕಲ್ಲು ಕೆತ್ತಿಸುವುದು ಕಷ್ಟವೇನೂ ಆಗಿರಲಿಲ್ಲ. ಒಡೆದದ್ದನ್ನೇ ಜೋಡಿಸಿದ್ದು ಒಳ್ಳೆಯದಾಯಿತು ಎನ್ನುವುದು ನನ್ನ ಗಟ್ಟಿ ನಂಬಿಕೆ. ಅಲ್ಲಿ ಏನು ನಡೆಯಿತೆಂದು ಆ ಗಾಯದ ಗೆರೆಗಳೇ ಹೇಳುತ್ತವೆ. ಗೈಡುಗಳು ಅದರ ಮುಂದೆ ಬೇಗ ಬೇಗ ಮಾತು ಮುಗಿಸುತ್ತಾರೆ.

ಇಷ್ಟಾದ ಮೇಲೆ ಹಿಂದಿರುಗಬೇಡಿ. ಗಾಡಿಯನ್ನು ಬಿಟ್ಟು ಕಾಡಿನ ಸುತ್ತುದಾರಿ ಹಿಡಿಯಿರಿ. ನಿಜವಾದ ಕೊಂಗ್‌ಲಿನ್ ಶುರುವಾಗುವುದು ಅಲ್ಲಿಂದ. ದಾರಿಯ ಎರಡೂ ಕಡೆ ಮರಗಳ ನಡುವೆ ಕಣ್ಣು ಹಾಯುವಷ್ಟೂ ದಿಬ್ಬಗಳು: ಕೆಲವು ಆಳೆತ್ತರ, ಕೆಲವು ಮಳೆಗೆ ಕರಗಿ ಮೊಣಕಾಲಿನ ಎತ್ತರಕ್ಕಿಳಿದಿವೆ. ಕೆಲವಕ್ಕೆ ಕಲ್ಲಿದೆ, ಬಹಳಷ್ಟಕ್ಕೆ ಇಲ್ಲ.

ಕಲ್ಲಿದ್ದ ಕಡೆ ಓದಲು ಒಂದು ಉಪಾಯವನ್ನು ಅಕ್ಕನ ಮಗ ಹೇಳಿಕೊಟ್ಟ. ಕೊಂಗ್ ಮನೆತನದ ಹೆಸರುಗಳಲ್ಲಿ ಎರಡನೆಯ ಅಕ್ಷರ ತಲೆಮಾರಿನ ಗುರುತು. ಒಂದು ತಲೆಮಾರಿನ ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲರಿಗೂ ಅದೇ ಅಕ್ಷರ. ಯಾವ ತಲೆಮಾರಿಗೆ ಯಾವುದು ಎಂಬ ಪಟ್ಟಿ ನೂರಾರು ವರ್ಷಗಳ ಹಿಂದೆಯೇ ಗೊತ್ತುಮಾಡಿದ್ದು. 'ಶಾಂಗ್' ಇದ್ದರೆ 64ನೇ ತಲೆಮಾರು. 'ಶಿಯಾಂಗ್' 75, 'ಲಿಂಗ್' 76, 'ದೆ' 77. ಅವನು ನನ್ನ ಫೋನಿನಲ್ಲಿ ಈ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದುಕೊಟ್ಟ. ಚೀನೀ ಲಿಪಿಯ ಗಂಧವಿಲ್ಲದ ನಾನು ಫೋನನ್ನು ಕಲ್ಲಿನ ಪಕ್ಕ ಹಿಡಿದು ಗೆರೆಗೆ ಗೆರೆ ಹೋಲಿಸುತ್ತಾ ನಡೆದೆ. ಮೊದಲ ಸಲ 'ಶಿಯಾಂಗ್' ಸಿಕ್ಕಾಗ ಆದ ಸಂತೋಷ ಇಷ್ಟಿಷ್ಟಲ್ಲ. ಇದೇ ಕಾಡಿನಲ್ಲಿ 'ಪೀಚ್ ಹೂವಿನ ಬೀಸಣಿಗೆ' ಎಂಬ ಹೆಸರಾಂತ ನಾಟಕ ಬರೆದ ಕೊಂಗ್ ಶಾಂಗ್‌ರೆನ್ ಇದ್ದಾನೆ. 1648ರಿಂದ 1718ರವರೆಗೆ ಬಾಳಿದವನು. 64ನೇ ತಲೆಮಾರು ಎಂದು ಅವನ ಹೆಸರೇ ಹೇಳುತ್ತದೆ.

ನಮ್ಮದೂ ಹೂಳುವ ಮನೆತನ. ನಮ್ಮ ಹೊಲದ ಅಂಚಿನಲ್ಲಿ ಅಜ್ಜ, ಮುತ್ತಜ್ಜನ ಸಮಾಧಿಗಳಿವೆ. ಅವರಾಚೆಗಿನವರ ಹೆಸರು ಕೇಳಿದರೆ ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ಅದಕ್ಕೇ ಇರಬೇಕು, ಆ ಅಕ್ಷರಗಳ ಮುಂದೆ ನಾನು ಅಷ್ಟು ಹೊತ್ತು ನಿಂತದ್ದು.

ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ವಿಷಯ ಕಣ್ಣಿಗೆ ಹೊಡೆಯಿತು. ಗಂಡಸರ ಹೆಸರು ಪೂರ್ತಿ ಇದೆ, ತಲೆಮಾರಿನ ಅಕ್ಷರದ ಸಮೇತ. ಹೆಂಡತಿಯ ಜಾಗದಲ್ಲಿ ಅವಳ ತವರಿನ ಹೆಸರು ಮಾತ್ರ: ಜಾಂಗ್ ಮನೆಯವಳು, ಲಿ ಮನೆಯವಳು. ಹಳೆಯ ಕಲ್ಲುಗಳೆಲ್ಲ ಹೀಗೇ. ಮದುವೆಯಾಗಿ ಹೊರಗೆ ಹೋದ ಕೊಂಗ್ ಮನೆಯ ಹೆಣ್ಣುಮಕ್ಕಳಿಗೆ ಇಲ್ಲಿ ಜಾಗವಿಲ್ಲ ಎಂಬುದು ಹಳೆಯ ಕಟ್ಟಳೆ. ಹಾಗಾಗಿ ಈ ಕಾಡಿನಲ್ಲಿ ಮಲಗಿರುವ ಹೆಂಗಸರಲ್ಲಿ ಹೆಚ್ಚಿನವರು ಬೇರೆ ಮನೆಯಿಂದ ಬಂದವರು, ಈ ಮನೆಯಲ್ಲಿ ಹುಟ್ಟಿದವರು ಬೇರೆ ಯಾರದೋ ನೆಲದಲ್ಲಿದ್ದಾರೆ. ಕಾಡಿನ ಒಳಗೆ 72ನೇ ತಲೆಮಾರಿನ ಯಜಮಾನನ ಹೆಂಡತಿ ಯು ಎಂಬಾಕೆಯ ಗೌರವಕ್ಕೆ ಕಲ್ಲಿನ ಕಮಾನು ನಿಲ್ಲಿಸಿದ್ದಾರೆ. ಅವಳು ಚಿಯೆನ್‌ಲೊಂಗ್ ಚಕ್ರವರ್ತಿಯ ಮಗಳಂತೆ, ಮಂಚೂ ಹೆಣ್ಣನ್ನು ಹಾನ್ ಮನೆತನಕ್ಕೆ ಕೊಡುವಂತಿರಲಿಲ್ಲವಾದ್ದರಿಂದ ಯು ಎಂಬ ಅಧಿಕಾರಿಗೆ ದತ್ತು ಕೊಟ್ಟು ಮದುವೆ ಮಾಡಿದನಂತೆ ಎಂದು ಗೈಡುಗಳು ರಸವತ್ತಾಗಿ ಹೇಳುತ್ತಾರೆ. ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಕಮಾನು ಕಟ್ಟಿಸಿಕೊಂಡವಳಿಗೂ ಕಲ್ಲಿನ ಮೇಲೆ ತವರಿನ ಹೆಸರೇ ಗತಿಯಾಯಿತಲ್ಲ ಎನ್ನುವುದೇ ನನ್ನನ್ನು ಕಾಡಿದ್ದು.

ಇಂಥ ಕಡೆ ಹೇಗೆ ನಡೆದುಕೊಳ್ಳಬೇಕು ಎಂದು ನನಗೆ ಕಲಿಸಿದ್ದು ಅಲ್ಲಿಗೆ ಬಂದಿದ್ದ ಮನೆಯವರು. ಏಪ್ರಿಲ್ ಮೊದಲ ವಾರದಲ್ಲಿ ಚಿಂಗ್‌ಮಿಂಗ್ ಹಬ್ಬ ಬರುತ್ತದೆ, ಹಿರಿಯರ ಸಮಾಧಿಗೆ ಹೋಗಿ ಗುಡಿಸುವ ದಿನ. ನಾವು ಹೋದದ್ದು ಅದರ ಆಸುಪಾಸಿನಲ್ಲೇ. ಎಷ್ಟೋ ದಿಬ್ಬಗಳ ಮೇಲೆ ಆಗಷ್ಟೇ ಹಾಕಿದ ಹಸಿಮಣ್ಣು. ನೆತ್ತಿಯ ಮೇಲೆ ಒಂದು ಹಾಳೆ ಹಳದಿ ಕಾಗದ, ಗಾಳಿಗೆ ಹಾರದಂತೆ ಮೇಲೊಂದು ಇಟ್ಟಿಗೆ ಚೂರು. ಈ ವರ್ಷವೂ ಮನೆಯವರು ಬಂದಿದ್ದರು ಎಂಬುದಕ್ಕೆ ಅದು ಗುರುತು. ಸುತ್ತಮುತ್ತಲಿನ ಕೊಂಗ್ ಮನೆಗಳವರು ಈಗಲೂ ತಮ್ಮವರನ್ನು ಈ ನೆಲಕ್ಕೇ ತರುತ್ತಾರೆ. ಹಾಗಿರುವಾಗ ಇದನ್ನು ಹಳೆಯ ಕಾಲದ ಅವಶೇಷ ಎಂದು ನೋಡಲು ಬರುವುದಿಲ್ಲ. ದಿಬ್ಬದ ಮುಂದೆ ಮೊಣಕಾಲೆತ್ತರದ ಕಲ್ಲಿನ ಹಾಸು ಕಂಡರೆ ಕೂರಬೇಡಿ. ನೋಡಲು ಬೆಂಚಿನಂತಿದ್ದರೂ ಅದು ಎಡೆ ಇಡುವ ಕಲ್ಲು. ಕರಗಿದ ದಿಬ್ಬ ನೆಲದಂತೆಯೇ ಕಾಣುತ್ತದೆ, ಆದ್ದರಿಂದ ಫೋಟೊಗೋಸ್ಕರ ಹೂವಿನ ನಡುವೆ ನುಗ್ಗಬೇಡಿ. ಯಾರಾದರೂ ಸಮಾಧಿಯ ಹತ್ತಿರ ಇದ್ದರೆ ಕ್ಯಾಮೆರಾ ಚೀಲದೊಳಗಿರಲಿ.

ಒಂದು ಕಡೆ ವಯಸ್ಸಾದ ಒಬ್ಬರು ಸಲಿಕೆಯಿಂದ ಮಣ್ಣು ಎತ್ತಿಹಾಕುತ್ತಿದ್ದರು. ಸೊಸೆ ಎಡೆಗಲ್ಲಿನ ಮೇಲೆ ಸೇಬು ಜೋಡಿಸುತ್ತಿದ್ದಳು, ಹತ್ತು ಹನ್ನೆರಡರ ಮೊಮ್ಮಗಳು ಒಣಗಿದ ಎಲೆ ಆರಿಸುತ್ತಿದ್ದಳು. ನಾವು ದೂರದಲ್ಲೇ ನಿಂತೆವು. ಕೆಲಸ ಮುಗಿದ ಮೇಲೆ ಅವರೇ ಕೈ ಬೀಸಿ ಕರೆದು ಎಲ್ಲಿಯವರೆಂದು ಕೇಳಿದರು. ಇಂಡಿಯಾ ಎಂದಾಗ ಮುಖ ಅರಳಿತು. ಅಕ್ಕನ ಮಗ ಅವರ ತಲೆಮಾರು ಕೇಳಿದ. 75 ಎಂದರು. ನಾನು ಫೋನು ತೆರೆದು 'ಶಿಯಾಂಗ್' ಅಕ್ಷರ ತೋರಿಸಿದೆ. ಮುದುಕರು ಜೋರಾಗಿ ನಕ್ಕು ಸೊಸೆಯನ್ನು ಕರೆದು ತೋರಿಸಿದರು.

ಮನೆತನದ ಮುಖ್ಯ ಕವಲು ಈಗ ಚೂಫುವಿನಲ್ಲಿಲ್ಲ. 77ನೇ ತಲೆಮಾರಿನ ಕೊಂಗ್ ದೆಚೆಂಗ್ ತೈವಾನ್‌ಗೆ ಹೋಗಿ ನೆಲೆಸಿ 2008ರಲ್ಲಿ ಅಲ್ಲೇ ತೀರಿಕೊಂಡರು, ಅವರ ಸಮಾಧಿಯೂ ಅಲ್ಲೇ ಇದೆ. ಅವರ ಬಗ್ಗೆ ಕೇಳಿದಾಗ ಮುದುಕರು ಪಕ್ಕದ ಮರದ ಕಡೆಗೆ ನೋಡುತ್ತಾ ತಲೆಯಾಡಿಸಿದರಷ್ಟೇ. ನಾನು ವಿಷಯ ಬದಲಿಸಿ ಮೊಮ್ಮಗಳ ಬಗ್ಗೆ ಕೇಳಿದೆ. 2009ರಲ್ಲಿ ಹೊಸದಾಗಿ ಅಚ್ಚಾದ ಕೊಂಗ್ ವಂಶಾವಳಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೆಸರಿವೆ, ಮೊದಲ ಬಾರಿಗೆ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿದ್ದಾರೆ.

"ಇವಳ ಹೆಸರೂ ಇದೆಯಾ ಅಂತ ಕೇಳು" ಎಂದೆ.

ಅವನು ಕೇಳುವ ಮೊದಲೇ ಹುಡುಗಿಗೆ ಏನೋ ಹೊಳೆದಿರಬೇಕು. ಇದೆ, ನನ್ನದು 77 ಎಂದು ತಾನೇ ಮುಂದೆ ಬಂದು ಹೇಳಿದಳು. ನನ್ನ ಫೋನು ತೆಗೆದುಕೊಂಡು 'ದೆ' ಅಕ್ಷರದ ಮೇಲೆ ಬೆರಳಿಟ್ಟಳು. ಅಕ್ಕನ ಮಗ ಅವಸರದಲ್ಲಿ ಬರೆಯುವಾಗ ಒಂದು ಗೆರೆ ಬಿಟ್ಟಿದ್ದನಂತೆ. ಅದನ್ನು ಅವಳೇ ತಿದ್ದಿ ಕೊಟ್ಟಳು.