ಬಿಡಿಸುವುದು ಆಸ್ಪತ್ರೆ, ಬಿಟ್ಟಿರುವಂತೆ ಕಾಯುವುದು ಬಳಗ

ಮದ್ಯದ ಅವಲಂಬನೆ ಎಂದರೆ ಕುಡಿಯಬೇಕೆಂಬ ಒತ್ತಡ ಮನುಷ್ಯನ ಸಂಕಲ್ಪವನ್ನು ಮೀರಿ ಬೆಳೆದು, ಮೊದಲಿನ ಅಮಲಿಗೆ ದಿನೇ ದಿನೇ ಹೆಚ್ಚು ಮದ್ಯ ಬೇಕಾಗುವ, ಕುಡಿಯದಿದ್ದರೆ ದೇಹವೇ ತತ್ತರಿಸುವ ಕಾಯಿಲೆ. ಇದನ್ನು ಬರೀ ಚಟವೆಂದು ತಿಳಿದ ಮನೆಗಳಲ್ಲಿ ದೇವರ ಮುಂದೆ ಆಣೆ ಮಾಡಿಸುವುದು, ಊಟದಲ್ಲಿ ಗುಟ್ಟಾಗಿ ಔಷಧಿ ಬೆರೆಸುವುದು ಮೊದಲಾದ ಪ್ರಯತ್ನಗಳು ನಡೆಯುತ್ತವೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನು ತಿಳಿಯದೆ ನುಂಗಿದವನು ಮತ್ತೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳಂಥ ಊರುಗಳಲ್ಲಿ ಈ ಕಾಯಿಲೆಯಿಂದ ಹೊರಬರಲು ಹೆಣಗುವವರು ಮೊದಲು ಕಲಿಯಬೇಕಾದದ್ದು, ಬಿಡುವುದೂ ಬಿಟ್ಟ ಮೇಲೆ ಹಾಗೆಯೇ ಉಳಿಯುವುದೂ ಬೇರೆ ಬೇರೆ ಕೆಲಸಗಳು ಎಂಬುದನ್ನು.

ಬಿಡುವ ಕೆಲಸ ವೈದ್ಯರದು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದನ್ನು ಕಂಡು ಬಡಬಡಿಸುವ ಸನ್ನಿಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಮೊದಲ ವಾರವನ್ನು ಆಸ್ಪತ್ರೆಯಲ್ಲಿ ಅಥವಾ ವೈದ್ಯರ ನಿಗಾದಲ್ಲಿ ಕಳೆಯುವುದೇ ಕ್ಷೇಮ. ಎಲ್ಲಿಗೆ ಹೋಗಬೇಕೆಂದು ತೋಚದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಉಳಿಯುವ ಕೆಲಸಕ್ಕೆ ಜೊತೆಗಾರರು ಬೇಕು. 1935ರಲ್ಲಿ ಅಮೆರಿಕದ ಅಕ್ರಾನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ ತನ್ನ ಕುಡಿಯುವ ಆಸೆಯನ್ನು ತಡೆದುಕೊಳ್ಳಲು ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೋಗಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೊಡನೆ ಮಾತಿಗೆ ಕುಳಿತದ್ದರಿಂದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿತು. ಇನ್ನೊಬ್ಬರಿಗೆ ನೆರವಾಗುವುದೇ ತನ್ನನ್ನು ಕಾಪಾಡಿಕೊಳ್ಳುವ ದಾರಿ ಎಂಬುದು ಅದರ ತಿರುಳು. ಎ.ಎ. ಸಭೆಗೆ ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಅಲ್ಲಿ ಒಬ್ಬೊಬ್ಬರಾಗಿ ಹೆಸರು ಹೇಳಿ, ತಾವು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ತಮ್ಮ ಕಥೆಯನ್ನಷ್ಟೇ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ. ಮಾತು ಮುಗಿದಾಗ ಧನ್ಯವಾದ ಹೇಳಿ ಮುಂದಿನವರತ್ತ ತಿರುಗುತ್ತಾರೆ. ಮನೆಯಲ್ಲಿ ಬೈಗುಳವನ್ನೋ ಉಪದೇಶವನ್ನೋ ಮಾತ್ರ ಕೇಳುತ್ತ ಬಂದವನಿಗೆ ಈ ಆಲಿಸುವಿಕೆಯೇ ಮೊದಲ ಔಷಧಿ.

ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ನಾಡಿನದೇ ರೂಪಗಳಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಸಾಮಾನ್ಯವಾಗಿ 8 ದಿನಗಳವು. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ನವಜೀವನ ಸಮಿತಿ ಕಟ್ಟಿಕೊಂಡು ಸೇರುತ್ತಾರೆ, ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡುತ್ತಾರೆ. ಹತ್ತು ಜನರೆದುರು ಮಾಡಿದ ಸಂಕಲ್ಪಕ್ಕೆ ಬಲವಿದೆ. ಆದರೆ ಅದೇ ಹತ್ತು ಜನ ಮುಂದಿನ ವಾರವೂ ಎದುರು ಕುಳಿತರೆ ಮಾತ್ರ ಆ ಬಲ ಉಳಿಯುತ್ತದೆ.

ಬಳ್ಳಾರಿ ಸೀಮೆಯಲ್ಲಿ ಇಂಥ ಬಳಗ ಹುಡುಕುವವರನ್ನು ಎರಡು ತೊಡಕುಗಳು ಕಾಡುತ್ತವೆ. ಮೊದಲನೆಯದು ಮರ್ಯಾದೆಯ ಭಯ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಕುರುಗೋಡಿನಂಥ ಊರಿನಲ್ಲಿ ಸಭೆಯ ಬಾಗಿಲು ದಾಟುವುದೇ ಕಷ್ಟ. ಮೊದಲ ಕೆಲವು ತಿಂಗಳು ಬಳ್ಳಾರಿಗೆ ಹೋಗಿಬಂದು, ಧೈರ್ಯ ಬಂದ ಮೇಲೆ ಸ್ವಂತ ಊರಿನಲ್ಲಿ ಕೂಡುವುದು ಅಂಥವರಿಗೆ ಒಗ್ಗುವ ದಾರಿ. ಅನಾಮಧೇಯತೆ ಎಂದರೆ ಮುಖ ಮುಚ್ಚಿಕೊಳ್ಳುವುದಲ್ಲ, ಒಳಗೆ ಕೇಳಿದ್ದನ್ನು ಹೊರಗೆ ಆಡದಿರುವುದು. ಎರಡನೆಯದು ಹೊತ್ತು. ಸಿರುಗುಪ್ಪದ ಭತ್ತದ ಗದ್ದೆ, ರೈಸ್‌ಮಿಲ್ಲುಗಳಲ್ಲಿ ದುಡಿಯುವವರಿಗೆ ಬಟವಾಡೆಯ ಸಂಜೆಯೇ ಎಲ್ಲಕ್ಕಿಂತ ಅಪಾಯದ ಹೊತ್ತು. ಭಾನುವಾರ ಬೆಳಿಗ್ಗೆ ಬಳ್ಳಾರಿಯಲ್ಲಿ ನಡೆಯುವ ಸಭೆ ಎಷ್ಟೇ ಚೆನ್ನಾಗಿದ್ದರೂ, ಕೂಲಿಯ ಹಣ ಜೇಬಿಗೆ ಬಿದ್ದ ಆ ಸಂಜೆ ಅವರನ್ನು ಕಾಯಲಾರದು. ಅದೇ ಸಂಜೆ, ಅದೇ ಊರಿನಲ್ಲಿ, ಕನ್ನಡದವರ ಜೊತೆಗೆ ಮನೆಮಾತು ತೆಲುಗೋ ಉರ್ದುವೋ ಆದವರೂ ಬಾಯ್ಬಿಟ್ಟು ಮಾತಾಡುವಂತೆ ನಾಲ್ವರು ಕೂಡುವುದೇ ಮೇಲು.

ಮನೆಯವರಿಗೂ ಬಳಗ ಬೇಕು. 1951ರಲ್ಲಿ ರೂಪುಗೊಂಡ ಅಲ್‌-ಅನಾನ್ ಕುಡಿಯುವವರ ಹೆಂಡತಿ, ಮಕ್ಕಳು, ತಂದೆತಾಯಿಗಳಿಗಾಗಿಯೇ ಇರುವ ಕೂಟ. ಕುಡಿತಕ್ಕೆ ತಾವೇ ಕಾರಣರೆಂಬ ಕೊರಗನ್ನು ಕಳೆದುಕೊಂಡು, ಅವನ ಸಾಲ ತೀರಿಸುತ್ತ, ಸುಳ್ಳು ಮುಚ್ಚಿಡುತ್ತ ಹೋಗುವುದನ್ನು ನಿಲ್ಲಿಸಲು ಅವರು ಕಲಿಯುವುದು ಇಂಥ ಕಡೆ. ಬಿಟ್ಟವರು ತಿರುಗಿ ಕುಡಿಯುವುದು, ಅಂದರೆ ಮರುಕಳಿಕೆ, ಈ ಕಾಯಿಲೆಯ ಸ್ವಭಾವದಲ್ಲೇ ಇದೆ ಎಂದು ತಿಳಿದ ಮನೆ ಅವನನ್ನು ಹೊರಗಟ್ಟದೆ ಮರುದಿನವೇ ಸಭೆಗೆ ಕಳುಹಿಸುತ್ತದೆ.

ಊರೂರಿನಲ್ಲೂ ಇಂಥ ಬಳಗ ಕಟ್ಟುವುದು ಬಳ್ಳಾರಿಗೆ ಅಸಾಧ್ಯದ ಮಾತೇನಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಇದೇ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದ ಈ ಜಿಲ್ಲೆ ಬಳಗವನ್ನೂ ತರಬಲ್ಲದು. ಅದಕ್ಕಾಗಿ ಕಟ್ಟಡಕ್ಕೂ ಅನುದಾನಕ್ಕೂ ಕಾಯಬೇಕಿಲ್ಲ. ತಾಲೂಕಿಗೊಂದು ಕೋಣೆ, ವಾರಕ್ಕೊಂದು ಸಂಜೆ, ಕುಡಿತ ಬಿಟ್ಟ ಇಬ್ಬರು ಇದ್ದರೆ ನಾಳೆಯೇ ಆರಂಭಿಸಬಹುದು.