ಬಾಡಿಗೆಯ ಹಣವೂ ಲಕ್ಕಮ್ಮನವರ ಲೆಕ್ಕವೂ

ಮನೆ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ಸಾಗಿಸುವ ಸದ್ಭಕ್ತರು ಪಟ್ಟಣಗಳಲ್ಲಿ ಅನೇಕರಿರುವರು. ಹೊಲಗಳ ಗೇಣಿಯ ವ್ಯಾಜ್ಯವು 1974ರ ಭೂಸುಧಾರಣಾ ತಿದ್ದುಪಡಿಯಿಂದ ಬಹುಮಟ್ಟಿಗೆ ಮುಗಿಯಿತು. ಪೇಟೆಯ ಬಾಡಿಗೆಯ ಪ್ರಶ್ನೆ ಮಾತ್ರ ಉಳಿದಿದೆ. “ಯಜಮಾನರೇ, ದುಡಿಮೆ ಸಾಲದು, ಸ್ವಲ್ಪ ಇಳಿಸಿಕೊಳ್ಳಬೇಕು” ಎಂದು ಬಾಗಿಲಲ್ಲಿ ನಿಂತವನಿಗೆ ಲಿಂಗವಂತನಾದ ಗೃಹಸ್ಥನು ಏನು ಹೇಳಬೇಕು?

ಮೊದಲು ವಿಚಾರಿಸಬೇಕಾದುದು ಬಾಡಿಗೆಯೆಂಬುದು ಎಂತಹ ಧನವೆಂಬುದನ್ನು. ಶರಣರು ಕಾಯಕದಿಂದ ಬಂದುದನ್ನೇ ಶುದ್ಧವೆಂದರು. ನೇಯುವವನ, ಹೊಲಿಯುವವನ, ಉಳುವವನ ಗಳಿಕೆಯಲ್ಲಿ ಮೈಬೆವರಿದೆ. ಬಾಡಿಗೆಯಾದರೋ ಗೋಡೆ ನಿಂತ ಮಾತ್ರಕ್ಕೆ ತಿಂಗಳು ತಿಂಗಳೂ ಬರುವುದು. ಹಾಗೆಂದು ಅದು ಅಶುದ್ಧವೆನ್ನಲಾಗದು. ಸೋರುವ ಮಾಳಿಗೆಯನ್ನು ಮಳೆಗಾಲಕ್ಕೆ ಮುನ್ನ ರಿಪೇರಿ ಮಾಡಿಸುವುದು, ನೀರಿನ ತೊಟ್ಟಿಯನ್ನು ತೊಳೆಸುವುದು, ಚರಂಡಿ ಕಟ್ಟಿದರೆ ತಾನೇ ಬಂದು ನೋಡುವುದು: ಮನೆಯೊಡೆಯನ ಕಾಯಕವು ಇದರಲ್ಲಿದೆ. ಇದಾವುದನ್ನೂ ಮಾಡದೆ ಮೊದಲನೆಯ ತಾರೀಖಿಗೆ ಮಾತ್ರ ಮುಖ ತೋರಿಸುವವನು, ಬಾಡಿಗೆ ಇಳಿಸುವ ಮಾತು ಬಂದಾಗ ಕೋಪಿಸಿಕೊಳ್ಳಲು ಯಾವ ಅಧಿಕಾರವುಳ್ಳವನು?

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಮನೆಯಿಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ತಂದರು. ಅದು ಕದ್ದುದಲ್ಲ, ನೆಲಕ್ಕೆ ಬಿದ್ದುದು, ಆಯ್ದರೆ ಬೇಡವೆನ್ನುವವರೂ ಇರಲಿಲ್ಲ. ಆದರೂ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರು. ಕರಾರುಪತ್ರದಲ್ಲಿ ಬರೆದ ಮೊತ್ತವೆಲ್ಲ ತನ್ನದೆಂಬುದು ನ್ಯಾಯಸ್ಥಾನದ ಲೆಕ್ಕ. ತನ್ನ ಸಂಸಾರಕ್ಕೂ ದಾಸೋಹಕ್ಕೂ ಎಷ್ಟು ಬೇಕೆಂಬುದು ಲಕ್ಕಮ್ಮನವರ ಲೆಕ್ಕ. ಇಂತಹ ಲೆಕ್ಕವನ್ನು ಮನೆಯ ಗೃಹಿಣಿಯೇ ಚೆನ್ನಾಗಿ ಮಾಡಬಲ್ಲಳು. ಬಾಡಿಗೆಯವರ ಒಲೆ ಯಾವ ಹೊತ್ತಿಗೆ ಹೊತ್ತುವುದೆಂಬುದೂ ಯಜಮಾನನಿಗಿಂತ ಅವಳಿಗೇ ಮೊದಲು ತಿಳಿಯುವುದು.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ವಿಚಾರಕ್ಕೆ ನಿಜವಾದ ಪರೀಕ್ಷೆಯೊದಗಿತು. ಬಾಡಿಗೆ ಮನೆಗಳಲ್ಲಿರುವ ಕೂಲಿಕಾರರನ್ನು ಒಂದು ತಿಂಗಳು ಬಾಡಿಗೆ ಕೇಳಕೂಡದೆಂದು ಕೇಂದ್ರದ ಗೃಹ ಇಲಾಖೆಯು 29ರಂದು ಆಜ್ಞೆ ಹೊರಡಿಸಿತು. ಆಜ್ಞೆಯ ಅವಧಿ ಒಂದು ತಿಂಗಳು. ದರ್ಜಿಯ ಯಂತ್ರವೂ ಖಾನಾವಳಿಯ ಒಲೆಯೂ ತಣ್ಣಗಿದ್ದುದು ಅದಕ್ಕಿಂತ ಬಹುಕಾಲ. ಆ ಮುಂದಿನ ತಿಂಗಳುಗಳಲ್ಲಿ ಕೇಳುವುದೋ ಬಿಡುವುದೋ ಎಂಬುದನ್ನು ಒಡೆಯನ ಅಂತಃಸಾಕ್ಷಿಯೇ ತೀರ್ಮಾನಿಸಬೇಕಾಗಿತ್ತು.

ಕೇಳಿದವರಿಗೆಲ್ಲ ಇಳಿಸಬೇಕೆಂದು ಇದರ ಅರ್ಥವಲ್ಲ. ಎರಡು ಕೋಣೆಯ ಬಾಡಿಗೆಯೊಂದೇ ಆಧಾರವಾದ ವಿಧವೆಯೊಡನೆ ತುಂಬು ಸಂಬಳದವನು ಚೌಕಾಸಿಗಿಳಿದರೆ, ಅಲ್ಲಿ ಆಸೆಯು ಬಾಡಿಗೆದಾರನದು. ಆದುದರಿಂದ ವಿಚಾರಣೆ ಅವಶ್ಯ; ಆದರೆ ಅದನ್ನು ಬೀದಿಯಲ್ಲಿ ನಿಂತು, ನಾಲ್ಕು ಜನರ ಎದುರಿಗೆ ಮಾಡಬಾರದು. ಒಳಗೆ ಕರೆದು, ಕುಳ್ಳಿರಿಸಿ ಕೇಳಬೇಕು. ಕೊಡುವೆನೆಂಬ ಅಹಂಕಾರ ಉಳಿದರೆ ಅದು ದಾನ. ದಾಸೋಹದಲ್ಲಿ ಕೊಡುವವನು ತಗ್ಗಿ ನಿಲ್ಲುವನು.

ಇಳಿಸಿದ ಬಳಿಕ ಇನ್ನೊಂದು ಸೂಕ್ಷ್ಮವುಂಟು. ಕೆಲವರು ಬಾಯಲ್ಲಿ ಬಿಟ್ಟು ಪುಸ್ತಕದಲ್ಲಿ ಬಾಕಿಯೆಂದು ಬರೆದಿಡುವರು. ಎರಡು ವರ್ಷ ಕಳೆದು ಮನೆ ಬಿಡುವಾಗ ಮುಂಗಡದ ಹಣದಲ್ಲಿ ಅದನ್ನು ಮುರಿದುಕೊಳ್ಳುವರು. ಬಿಡುವುದಾದರೆ ಎಷ್ಟು ತಿಂಗಳು, ಎಷ್ಟು ರೂಪಾಯಿ ಎಂಬುದನ್ನು ಅಂದೇ ತಿಳಿಯಹೇಳಿ, ಆ ತಿಂಗಳ ರಸೀತಿಯಲ್ಲಿ ಪೂರ್ತಿ ಸಂದಾಯವಾಯಿತೆಂದು ಬರೆದುಕೊಡತಕ್ಕುದು.