ಸೇನೆಯ ಆಫೀಸರ್ ತರಬೇತಿಗೆ ಹೋಗಲೇ, ಸಿಕ್ಕ ನೌಕರಿ ಹಿಡಿಯಲೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 21. ಹುಬ್ಬಳ್ಳಿಯಲ್ಲಿ ಬಿಸಿಎ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದೆ. ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾಗಿ, ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗಾಗಿ ಎಸ್‌ಎಸ್‌ಬಿ ಸಂದರ್ಶನ ಎದುರಿಸಬೇಕಿದೆ. ಈ ನಡುವೆ ಕ್ಯಾಂಪಸ್‌ನಲ್ಲೇ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ವರ್ಷಕ್ಕೆ 3.6 ಲಕ್ಷದ ಕೆಲಸ ಸಿಕ್ಕಿದೆ. ಅಪ್ಪನಿಗೆ ಮಿಲಿಟರಿ ಇಷ್ಟವಿಲ್ಲ. “ನಾಲ್ಕು ವರ್ಷಕ್ಕ ಮನೀಗೆ ಕಳಸ್ತಾರ, ಆಮ್ಯಾಲೆ ಏನ್ ಮಾಡ್ತಿ?” ಅನ್ನುತ್ತಾರೆ. ಧಾರವಾಡದಲ್ಲಿ ಕೋಚಿಂಗ್ ಸೇರಿ ಕೆಎಎಸ್ ಮಾಡು ಎಂಬುದು ಅವರ ಆಸೆ. ಅಮ್ಮನಿಗೆ ನನ್ನ ಮದುವೆಯ ಚಿಂತೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ. ಪಿಂಚಣಿ ಇಲ್ಲದ ಶಾರ್ಟ್ ಸರ್ವಿಸ್‌ಗೆ ಹೋಗಿ ಮೂವತ್ತೈದಕ್ಕೆ ಬರಿಗೈಲಿ ನಿಲ್ಲುವೆನೇ ಎಂದು ಭಯ. ದಾರಿ ತೋರಿಸಿ.
— ಹೆಸರು ಬೇಡ

ಉತ್ತರ: ಮೊದಲು ನಿಮ್ಮ ತಂದೆಯ ಮಾತಿಗೆ ಉತ್ತರ ಕೊಡೋಣ. ಅವರು ಹೇಳುತ್ತಿರುವುದು 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ವಿಷಯ. ಅಲ್ಲಿ ಅಗ್ನಿವೀರರ ಅವಧಿ ನಾಲ್ಕು ವರ್ಷ, ಆಮೇಲೆ ನಾಲ್ಕನೇ ಒಂದು ಭಾಗದಷ್ಟು ಮಂದಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ನಿಮ್ಮದು ಅದಲ್ಲ. ನೀವು ಹೊರಟಿರುವುದು ಅಧಿಕಾರಿ ಹುದ್ದೆಗೆ. ಶಾರ್ಟ್ ಸರ್ವಿಸ್ ಕಮಿಷನ್‌ನ ಅವಧಿ ಹತ್ತು ವರ್ಷ, ಅದನ್ನು ಇನ್ನೂ ನಾಲ್ಕು ವರ್ಷ ವಿಸ್ತರಿಸಲು ಅವಕಾಶವಿದೆ. ಊರಿನಲ್ಲಿ ಅಗ್ನಿವೀರರಾಗಿ ಹೋದ ಹುಡುಗರ ಸುದ್ದಿ ಕಿವಿಗೆ ಬಿದ್ದಿರುವಾಗ ತಂದೆಗೆ ಈ ಗೊಂದಲ ಆಗುವುದು ಸಹಜ. ವಾದಕ್ಕೆ ಇಳಿಯದೆ ಯುಪಿಎಸ್‌ಸಿಯ ಸಿಡಿಎಸ್ ಅಧಿಸೂಚನೆಯನ್ನೇ ಮುಂದಿಟ್ಟು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿ. ಅರ್ಧ ಜಗಳ ಅಲ್ಲಿಗೇ ತೀರಬಹುದು.

ಇನ್ನು ನಿಮ್ಮ ಭಯ. ಪಿಂಚಣಿಯ ವಿಷಯದಲ್ಲಿ ನೀವು ತಿಳಿದಿರುವುದು ಸರಿ. ಅಧಿಕಾರಿಗಳಿಗೆ ಪಿಂಚಣಿ ಬರಬೇಕಾದರೆ 20 ವರ್ಷದ ಸೇವೆ ಬೇಕು. ಹತ್ತಕ್ಕೋ ಹದಿನಾಲ್ಕಕ್ಕೋ ಬಿಡುಗಡೆಯಾದವರಿಗೆ ಗ್ರಾಚ್ಯುಟಿ ಸಿಗುತ್ತದೆ, ಪಿಂಚಣಿ ಸಿಗುವುದಿಲ್ಲ. ಹೆಚ್ಚಿನ ದಳಗಳಲ್ಲಿ ಮಹಿಳೆಯರಿಗೆ ಮುಂದೆಯೂ ಸೇವೆಯಲ್ಲಿ ಉಳಿಯುವ ಪರ್ಮನೆಂಟ್ ಕಮಿಷನ್‌ನ ದಾರಿ ತೆರೆದದ್ದು 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅದಕ್ಕಾಗಿ ಮಹಿಳಾ ಅಧಿಕಾರಿಗಳು ವರ್ಷಗಟ್ಟಲೆ ಕೋರ್ಟು ಅಲೆದರು. ಆದರೂ ಅದು ಕೇಳಿದವರಿಗೆಲ್ಲ ಸಿಗುವಂಥದ್ದಲ್ಲ, ಆಯ್ಕೆ ಮಂಡಳಿ ಸೇವಾ ದಾಖಲೆ ನೋಡಿ ನಿರ್ಧರಿಸುತ್ತದೆ. ಆದ್ದರಿಂದ ಅದನ್ನು ಖಚಿತವೆಂದು ಹಿಡಿದು ಲೆಕ್ಕ ಹಾಕಬೇಡಿ. ಹತ್ತು ವರ್ಷ ಮುಗಿಸಿ ಹೊರಬರುತ್ತೇನೆ ಎಂದುಕೊಂಡೇ ತೂಗಿ ನೋಡಿ.

ತರಬೇತಿ 49 ವಾರ. ಆ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಲೆಫ್ಟಿನೆಂಟ್ ಆಗಿ ಹೊರಬಂದ ಮೇಲೆ ಮೂಲ ವೇತನ ಅಷ್ಟೇ, ಅದರ ಮೇಲೆ 15,500 ರೂಪಾಯಿ ಮಿಲಿಟರಿ ಸರ್ವಿಸ್ ಪೇ, ತುಟ್ಟಿಭತ್ಯೆ, ಉಳಿದ ಭತ್ಯೆಗಳು. ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್. ಈ ಸಲವೇ ಆಯ್ಕೆಯಾದರೆ ಹತ್ತನೇ ವರ್ಷಕ್ಕೆ ನಿಮ್ಮ ವಯಸ್ಸು ಹೆಚ್ಚೆಂದರೆ 34. ಅಷ್ಟರಲ್ಲಿ ಕೂಡಿಟ್ಟ ಹಣ, ಗ್ರಾಚ್ಯುಟಿ, ಜನರನ್ನು ನಡೆಸಿದ ಅನುಭವ, ಇವೆಲ್ಲ ಕೈಯಲ್ಲಿರುತ್ತವೆ. ಬಿಡುಗಡೆಯಾಗುವ ಅಧಿಕಾರಿಗಳಿಗೆ ರಕ್ಷಣಾ ಇಲಾಖೆಯ ಪುನರ್ವಸತಿ ನಿರ್ದೇಶನಾಲಯ ಐಐಎಂಗಳಲ್ಲಿ ಸುಮಾರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನೂ ಏರ್ಪಡಿಸುತ್ತದೆ. ನಿಮ್ಮ ತಂದೆಗೆ ಮುಖ್ಯವಾಗಿ ಹೇಳಬೇಕಾದದ್ದು ಇದು: ಕನಿಷ್ಠ ಐದು ವರ್ಷ ಸೇವೆ ಮಾಡಿ, ಅವಧಿ ಮುಗಿಸಿ ಬಂದ ಶಾರ್ಟ್ ಸರ್ವಿಸ್ ಅಧಿಕಾರಿಗೆ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ವಯೋಮಿತಿಯಲ್ಲಿ ಐದು ವರ್ಷದವರೆಗೆ ಸಡಿಲಿಕೆ ಇದೆ. ಸಾಮಾನ್ಯ ವರ್ಗದವರಿಗೂ 32 ಎಂಬುದು 37 ಆಗುತ್ತದೆ. ಬರಿಗೈ ಎಂಬ ಮಾತು ಇಲ್ಲಿ ಸಲ್ಲದು. ಆದರೆ ಒಂದು ನಷ್ಟ ನಿಜವಾಗಿಯೂ ಇದೆ. ಹತ್ತು ವರ್ಷ ಬಿಟ್ಟು ಐಟಿಗೆ ಮರಳಿ ಕೋಡ್ ಬರೆಯುತ್ತೇನೆ ಎಂದರೆ ಕಷ್ಟ. ನಿಮ್ಮ ಬಿಸಿಎ ಸಹಪಾಠಿಗಳು ಆ ಹೊತ್ತಿಗೆ ಎಷ್ಟೋ ಮುಂದೆ ಹೋಗಿರುತ್ತಾರೆ. ಆ ದಾರಿ ಬಹುಮಟ್ಟಿಗೆ ಮುಚ್ಚಿತು ಎಂದು ತಿಳಿದೇ ಹೋಗಬೇಕು.

ಸಂಬಳ, ಪಿಂಚಣಿಯ ಲೆಕ್ಕ ಇಷ್ಟು. ಇದರ ಮೇಲೆಯೇ ತೀರ್ಮಾನ ಮಾಡಬೇಡಿ ಎನ್ನಲು ನನಗೆ ಕಾರಣವಿದೆ.

ನಿಮ್ಮ ಪತ್ರ ಇಲ್ಲಿ ಅಚ್ಚಾಗಿರುವುದಕ್ಕಿಂತ ಉದ್ದವಿತ್ತು. ಸಂಬಳ, ಪಿಂಚಣಿ, ಮನೆಯವರ ಮಾತು ಎಂದು ಮೂರು ಪುಟ ಬರೆದಿದ್ದೀರಿ. ನಡುವೆ ಎಲ್ಲೋ ಎರಡೇ ಸಾಲು, ಎನ್‌ಸಿಸಿ ಕ್ಯಾಂಪಿನದು. ರಾತ್ರಿ ಮಳೆಗೆ ಟೆಂಟಿನೊಳಗೆ ನೀರು ನುಗ್ಗಿದಾಗ ನೀವೇ ಹುಡುಗಿಯರನ್ನೆಲ್ಲ ಎಬ್ಬಿಸಿ ಶಾಲೆಯ ವರಾಂಡಕ್ಕೆ ಕರೆದೊಯ್ದದ್ದು, ಜ್ವರ ಬಂದಿದ್ದ ಒಬ್ಬಳಿಗೆ ನಿಮ್ಮ ಒಣ ಕಂಬಳಿ ಕೊಟ್ಟು ಬೆಳಗಿನ ತನಕ ಪಕ್ಕದಲ್ಲಿ ಕೂತದ್ದು. “ಆವತ್ತು ನಿದ್ದೆ ಇಲ್ಲದಿದ್ದರೂ ಖುಷಿಯಾಗಿತ್ತು” ಎಂದು ಬರೆದು ಮತ್ತೆ ಸಂಬಳದ ಮಾತಿಗೆ ಹೋಗಿಬಿಟ್ಟಿರಿ. ಇಡೀ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಸಾಲು ಅದೇ. ಸಮವಸ್ತ್ರದ ಆಸೆ, ಮೆಸ್ಸು, ಕ್ಯಾಂಟೀನು, ಊರಲ್ಲಿ ಸಿಗುವ ಮರ್ಯಾದೆ ಇವು ಮೊದಲ ವರ್ಷಕ್ಕೆ ಸಾಕಾಗಬಹುದು. ಉಳಿದ ಒಂಬತ್ತು ವರ್ಷ ನಿಮ್ಮನ್ನು ನಿಲ್ಲಿಸುವುದು ಬೇರೆ. ನಿಮ್ಮ ಕೈಕೆಳಗಿನ ಜವಾನನ ರಜೆ, ಅವನ ಮನೆಯ ಜಮೀನು ತಕರಾರು, ಅವನ ಮಗುವಿನ ಆಸ್ಪತ್ರೆ ಖರ್ಚು ಇವೆಲ್ಲ ನಿಮ್ಮ ಕೆಲಸ ಆಗುತ್ತವೆ. ವಯಸ್ಸಿನಲ್ಲಿ ನಿಮ್ಮ ಅಪ್ಪನ ಹತ್ತಿರದವರಾದ ಸುಬೇದಾರರು ನಿಮ್ಮ ಆದೇಶಕ್ಕೆ ಕಾಯುತ್ತಾರೆ. ಅದನ್ನು ಭಾರ ಎಂದುಕೊಳ್ಳುವವರಿಗೆ ಸೈನ್ಯ ನರಕ. ಅಂಥ ರಾತ್ರಿಯಲ್ಲಿ ಖುಷಿ ಕಂಡವರಿಗೆ ಐಟಿ ಕಂಪನಿಯ ಕುರ್ಚಿ ಬೇಗ ಬೇಸರ ತರುತ್ತದೆ. ನನಗೆ ನೀವು ಎರಡನೆಯವರ ಪೈಕಿ ಎಂದೇ ಅನ್ನಿಸುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಹೋಗಿ ಎನ್ನುವುದಿಲ್ಲ. ಸಿಡಿಎಸ್ ಮೂಲಕ ಚೆನ್ನೈನ ಅಕಾಡೆಮಿಗೆ ತೆಗೆದುಕೊಳ್ಳುವ ಮಹಿಳೆಯರ ಸಂಖ್ಯೆ ಇತ್ತೀಚಿನ ಅಧಿಸೂಚನೆಗಳಲ್ಲಿ ಒಂದು ಸಲಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಎಸ್‌ಎಸ್‌ಬಿಯಲ್ಲಿ ಶಿಫಾರಸಾದರೂ ಆಮೇಲೆ ವೈದ್ಯಕೀಯ ಪರೀಕ್ಷೆ, ಅದಾದ ಮೇಲೆ ಮೆರಿಟ್ ಪಟ್ಟಿ. ಎಲ್ಲ ದಾಟಿದವರಿಗೂ ಸೀಟು ಸಿಗದೇ ಇರಬಹುದು. ಆದ್ದರಿಂದ ಇದೊಂದನ್ನೇ ನಂಬಿ ಉಳಿದದ್ದನ್ನು ಕೈಬಿಡಬೇಡಿ. ‘ಸಿ’ ಸರ್ಟಿಫಿಕೇಟ್ ಇರುವುದರಿಂದ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಕರೆಯುವ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೂ ಅರ್ಜಿ ಹಾಕಿ. ಅಲ್ಲಿಯೂ ಸೀಟು ಕಡಿಮೆಯೇ, ಆದರೆ ಇನ್ನೊಂದು ಅವಕಾಶ.

ಐಟಿ ಕೆಲಸ ಬಿಡಬೇಕಾಗಿಲ್ಲ. ಸೇರುವ ದಿನಾಂಕ ಮೊದಲು ಬಂದರೆ ಸೇರಿ, ಅಲ್ಲಿಂದಲೇ ರಜೆ ಹಾಕಿ ಎಸ್‌ಎಸ್‌ಬಿಗೆ ಹೋಗಿ. ಎಷ್ಟೋ ಮಂದಿ ಹೀಗೇ ಮಾಡುತ್ತಾರೆ. ಸಹಿ ಹಾಕುವ ಮುನ್ನ ಆಫರ್ ಲೆಟರ್‌ನಲ್ಲಿ ಸರ್ವಿಸ್ ಅಗ್ರಿಮೆಂಟ್ ಇದೆಯೇ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ನೋಡಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ಎಸ್‌ಎಸ್‌ಬಿಗೆ ಅವು ಬೇಕು.

ಕೆಎಎಸ್ ಸದ್ಯಕ್ಕೆ ಪಕ್ಕಕ್ಕಿಡಿ. ಅದು ಕಡಿಮೆಯದೆಂದು ಹೇಳುತ್ತಿಲ್ಲ. ಅಲ್ಲಿ ಸಾಮಾನ್ಯ ವರ್ಗಕ್ಕೂ 35ರವರೆಗೆ ಸಮಯವಿದೆ, ಸಿಡಿಎಸ್‌ನದು 25ರ ಹೊತ್ತಿಗೆ ಮುಗಿಯುತ್ತದೆ. ಬೇಗ ಮುಚ್ಚುವ ಬಾಗಿಲನ್ನು ಮೊದಲು ತಟ್ಟಬೇಕು. ಕೆಪಿಎಸ್‌ಸಿ ಅಧಿಸೂಚನೆ ಪ್ರತಿ ವರ್ಷ ಬರುವಂಥದ್ದೂ ಅಲ್ಲ. 2024ರ ಆಗಸ್ಟ್‌ನಲ್ಲಿ ನಡೆದ ಪ್ರಿಲಿಮ್ಸ್ ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಧಾರವಾಡದ ರೂಮುಗಳಲ್ಲಿ ಓದುತ್ತಾ ಕೂತ ಮಕ್ಕಳ ವರ್ಷಗಳು ಇಂಥದ್ದರಲ್ಲಿ ಹೋಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇಂಗ್ಲಿಷಿನ ಹೆದರಿಕೆಗೆ ಬರೋಣ. ಎಸ್‌ಎಸ್‌ಬಿ ಐದು ದಿನದ್ದು. ಕೇಂದ್ರ ನಿಮಗೆ ಬೆಂಗಳೂರೇ ಸಿಗಬಹುದು, ಭೋಪಾಲ್ ಅಥವಾ ಪ್ರಯಾಗರಾಜ್ ಕೂಡ ಆಗಬಹುದು. ಮೊದಲ ದಿನ ಬುದ್ಧಿಮತ್ತೆಯ ಪ್ರಶ್ನೆಗಳು, ಆಮೇಲೆ ಮಸುಕಾದ ಒಂದು ಚಿತ್ರವನ್ನು ಅರ್ಧ ನಿಮಿಷ ತೋರಿಸಿ ಕಥೆ ಬರೆಸುತ್ತಾರೆ. ಅದೇ ಕಥೆಯನ್ನು ಗುಂಪಿನ ಮುಂದೆ ಹೇಳಿ, ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಅಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡುವುದು ಸಾಮಾನ್ಯ. ಅಂಥಲ್ಲಿ ನಾಲ್ಕು ಸರಳ ವಾಕ್ಯ ಸ್ಪಷ್ಟವಾಗಿ ಹೇಳಿ, ಪಕ್ಕದವಳ ಮಾತಿಗೂ ಜಾಗ ಮಾಡಿಕೊಡುವವರು ಕಣ್ಣಿಗೆ ಬೀಳುತ್ತಾರೆ. ಆ ದಿನವೇ ಹೊರಬಿದ್ದವರು ಸಂಜೆಯ ರೈಲು ಹಿಡಿಯುತ್ತಾರೆ. ಉಳಿದವರಿಗೆ ಮನಃಶಾಸ್ತ್ರಜ್ಞರ ಪರೀಕ್ಷೆ: ಹದಿನೈದು ಸೆಕೆಂಡಿಗೊಂದರಂತೆ 60 ಪದ, ಪ್ರತಿಯೊಂದಕ್ಕೂ ಥಟ್ಟನೆ ಹೊಳೆದ ವಾಕ್ಯ ಬರೆಯಬೇಕು. ಬಾಯಿಪಾಠ ಮಾಡಿದ ವಾಕ್ಯಗಳು ಅಲ್ಲಿ ನಿಲ್ಲುವುದಿಲ್ಲ. ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು, ಕೆಂಪು ಬಣ್ಣ ಬಳಿದ ಭಾಗ ಮುಟ್ಟದೆ ಗುಂಪನ್ನು ಆಚೆ ದಾಟಿಸಿ ಅನ್ನುತ್ತಾರೆ. ಹಲಗೆ ಹಿಡಿದು ನಿಂತವಳಿಗೆ ವ್ಯಾಕರಣ ಕೇಳುವವರು ಯಾರೂ ಇಲ್ಲ. ದಿನಾ ಅರ್ಧ ಗಂಟೆ ಗೆಳತಿಯೊಬ್ಬಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ, ಪತ್ರಿಕೆಯ ಒಂದು ಸುದ್ದಿಯನ್ನು ನಿಮ್ಮ ಮಾತಲ್ಲಿ ಹೇಳಿ, ಬೆಳಿಗ್ಗೆ ಓಡಿ. ದುಬಾರಿ ಕೋಚಿಂಗ್‌ಗೆ ಸಾಲ ಮಾಡಬೇಡಿ. ಮೊದಲ ಸಲ ಆಗದಿದ್ದರೆ ಅವಮಾನ ಎಂದೂ ತಿಳಿಯಬೇಡಿ, ಎರಡನೇ ಮೂರನೇ ಯತ್ನದಲ್ಲಿ ಆಯ್ಕೆಯಾಗಿ ಅಧಿಕಾರಿಗಳಾದವರು ಸೈನ್ಯದಲ್ಲಿ ಬೇಕಾದಷ್ಟಿದ್ದಾರೆ.

ನಿಮ್ಮ ತಾಯಿಯ ಚಿಂತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತರಬೇತಿ ಮುಗಿಯುವ ತನಕ ಮದುವೆಯಾಗುವಂತಿಲ್ಲ, ಅದು ನಿಯಮ. ಆಮೇಲೆ ಆಗಬಹುದು. ಆದರೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಕೆಲವು ಸಲ ಮನೆಯವರನ್ನು ಕರೆದೊಯ್ಯಲಾಗದ ಗಡಿ ಪ್ರದೇಶ. ಇದಕ್ಕೆ ಒಪ್ಪುವ ಗಂಡು ಬೇಕು, ಒಪ್ಪದವನು ನಿಮಗೆ ತಕ್ಕವನೂ ಅಲ್ಲ. ಪ್ರಾಣಾಪಾಯದ ಮಾತನ್ನೂ ಮನೆಯಲ್ಲಿ ಬಾಯಿಬಿಟ್ಟು ಆಡಿ. ಇನ್ಫೆಂಟ್ರಿ, ಟ್ಯಾಂಕ್ ದಳಗಳಿಗೆ ಮಹಿಳಾ ಅಧಿಕಾರಿಗಳನ್ನು ಇನ್ನೂ ತೆಗೆದುಕೊಂಡಿಲ್ಲ. 2023ರಿಂದ ಆರ್ಟಿಲರಿಗೆ ತೆಗೆದುಕೊಳ್ಳುತ್ತಿದ್ದಾರೆ. ಸಿಗ್ನಲ್ಸ್, ಎಂಜಿನಿಯರ್ಸ್, ಸರ್ವಿಸ್ ಕೋರ್‌ನಂಥ ದಳಗಳು ಮೊದಲಿನಿಂದಲೂ ಇವೆ. ಯಾವ ದಳವಾದರೂ ಗಡಿಗೆ ಹೋಗಬೇಕಾಗುತ್ತದೆ. ತರಬೇತಿಯಲ್ಲೂ ಗಾಯವಾಗುತ್ತದೆ. ಗಂಭೀರ ಗಾಯವಾಗಿ ಮಧ್ಯದಲ್ಲೇ ಮನೆಗೆ ಮರಳಿದ ಕೆಡೆಟ್‌ಗಳಿಗೆ ಸರಿಯಾದ ನೆರವಿಲ್ಲ ಎಂಬ ವಿಷಯವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. ಮಾಜಿ ಸೈನಿಕರ ವೈದ್ಯಕೀಯ ಯೋಜನೆ ಅವರಿಗೂ ವಿಸ್ತರಿಸಿದ್ದು ಆಮೇಲೆ. ಇದಲ್ಲದೆ, ತರಬೇತಿಯ ನಡುವೆ ನೀವಾಗಿಯೇ ಬಿಟ್ಟು ಬಂದರೆ ತರಬೇತಿಯ ಖರ್ಚು ವಸೂಲಿ ಮಾಡುತ್ತಾರೆ. ಇವನ್ನು ಮುಚ್ಚಿಟ್ಟು ಒಪ್ಪಿಗೆ ಪಡೆಯಬೇಡಿ. ತಿಳಿದು ಒಪ್ಪಿದ ತಂದೆತಾಯಿ ಕಷ್ಟದ ದಿನದಲ್ಲಿ ನಿಮ್ಮ ಜೊತೆ ನಿಲ್ಲುತ್ತಾರೆ.

ತಂದೆಯನ್ನು ಒಮ್ಮೆ ನಿಮ್ಮ ಎನ್‌ಸಿಸಿ ಬೆಟಾಲಿಯನ್‌ನ ಕಮಾಂಡಿಂಗ್ ಆಫೀಸರ್ ಬಳಿ ಕರೆದೊಯ್ಯಿರಿ. ಸೇವೆಯಲ್ಲಿರುವ ಅಧಿಕಾರಿಯೊಬ್ಬರ ಎದುರು ಕೂತು ತಮ್ಮ ಸಂಶಯಗಳನ್ನು ತಾವೇ ಕೇಳಲಿ. ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲೂ ವಿಚಾರಿಸಬಹುದು. ಹತ್ತು ವರ್ಷದ ಸೇವೆ ಮುಗಿಸಿ ಬಂದವರು ಯಾರಾದರೂ ಪರಿಚಯವಾದರೆ ಈಗ ಏನು ಮಾಡುತ್ತಿದ್ದಾರೆಂದು ನೇರವಾಗಿ ಕೇಳಿ.

ನನ್ನ ಅಭಿಪ್ರಾಯ ಇಷ್ಟು: ಎಸ್‌ಎಸ್‌ಬಿಗೆ ಹೋಗಿ, ಆಯ್ಕೆಯಾಗಿ ಸೀಟು ಸಿಕ್ಕರೆ ಚೆನ್ನೈಗೆ ಹೊರಡಿ. ಸಿಗದಿದ್ದರೆ ಬೆಂಗಳೂರಿನ ಕೆಲಸದಲ್ಲಿದ್ದುಕೊಂಡೇ 25ರ ಒಳಗೆ ಮತ್ತೆ ಮತ್ತೆ ಪ್ರಯತ್ನಿಸಿ, ಆಮೇಲೆ ಕೆಎಎಸ್ ನೋಡೋಣ. ಸದ್ಯಕ್ಕೆ ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ವಿಷಯವೂ ಬಾಕಿ ಉಳಿಯದಂತೆ ಓದಿ. ಪದವಿ ಪಾಸಾದ ದಾಖಲೆ ಹೊತ್ತಿಗೆ ಸರಿಯಾಗಿ ಸಲ್ಲಿಸದಿದ್ದರೆ ಆಯ್ಕೆಯಾದವರನ್ನೂ ಅಕಾಡೆಮಿಗೆ ಸೇರಿಸಿಕೊಳ್ಳುವುದಿಲ್ಲ.